ನೀಲಾವತಿಯ ಎಡಗಡೆ

ನೀಲಾವತಿ ನನ್ನ ಮಗಳಿಗೆ ಸ್ನಾನ ಮಾಡಿಸುವಷ್ಟು ಹೊತ್ತೂ ನಾನು ಬಚ್ಚಲಿನ ಬಾಗಿಲಲ್ಲೇ ನಿಂತಿರುತ್ತಿದ್ದೆ. ಬೇರೆ ತಾಯಂದಿರು ಆ ಹೊತ್ತಿನಲ್ಲಿ ಒಂದು ಕೋಳಿನಿದ್ದೆ ತೆಗೆಯುತ್ತಾರಂತೆ. ನನ್ನಿಂದ ಆಗುತ್ತಿರಲಿಲ್ಲ. ಮೂರು ತಿಂಗಳ ಮಗು, ಮೈತುಂಬ ಎಣ್ಣೆ, ಪಕ್ಕದಲ್ಲಿ ಕುದಿಯುವ ಹಂಡೆ. ಜಾರಿದರೆ? ಮೂಗಿಗೆ ನೀರು ಹೋದರೆ? ಕೇಳಿದರೆ ಎಲ್ಲರೂ ನಗುತ್ತಾರೆಂದು ಕೇಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದೆ.

"ನೀವು ಅಲ್ಲಿ ನಿಂತ್ರೆ ಬೆಳಕಿಗೆ ಅಡ್ಡ ಆಗ್ತದೆ ಅನಿಷಕ್ಕ," ಎನ್ನುತ್ತಿದ್ದಳು ನೀಲಾವತಿ. "ಹೋಗಿ ಒಂಚೂರು ಮಲಗಿ. ನಿಮ್ಮ ಗಂಡನನ್ನು ಇದೇ ಕಾಲಿನ ಮೇಲೆ ಹಾಕಿ ಮೀಯಿಸಿದ್ದು ನಾನು. ಆಗಲೂ ಇಷ್ಟೇ ಕೂಗ್ತಿದ್ರು, ಈಗ ನೋಡಿ, ಬಾಯೇ ಇಲ್ಲ."

ಅದು ನಿಜ. ವೇಣೂರಿನಲ್ಲಿ ಇನ್ವರ್ಟರ್ ಬ್ಯಾಟರಿಯ ಅಂಗಡಿ ಇಟ್ಟಿರುವ ನನ್ನ ಗಂಡ ಅಭಿನಂದನ್ ಆ ಕಾಲುಗಳ ಮೇಲೆ ಮಿಂದವನೇ. ವೇಣೂರಿನಿಂದ ಪುಂಜಾಲಕಟ್ಟೆಯವರೆಗೆ ಹೀಗೆ ಮಿಂದು ದೊಡ್ಡವರಾದವರು ಎಷ್ಟು ಮಂದಿಯೋ. ಬಸ್ಸಿನಲ್ಲಿ ಮೀಸೆ ಬಂದ ಕಂಡಕ್ಟರ್ ಟಿಕೆಟ್ ಕೊಡಲು ಬಂದರೆ, "ನಿನ್ನ ಹೊಕ್ಕುಳು ಸರಿ ಕೂತದ್ದು ನನ್ನಿಂದ, ನನ್ನ ಹತ್ತಿರ ದುಡ್ಡು ಕೇಳ್ತೀಯಾ?" ಎಂದು ಎಲ್ಲರೆದುರು ಕೇಳಿಬಿಡುತ್ತಾಳೆ.

ಅವಳ ಮನೆ ವೇಣೂರಿನಾಚೆ ಗುಡ್ಡದ ಬದಿಯಲ್ಲಿ. ಗಂಡ ಶೇಷಪ್ಪ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗಿಗೆ ಹೋಗುತ್ತಿದ್ದವನು, ಮಗಳು ವಿಸ್ಮಿತಾ ಏಳನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡ. ಬಾಣಂತಿ ಮನೆಗಳ ಕೆಲಸ ಅವಳಿಗೆ ತಾಯಿಯಿಂದ ಬಂದದ್ದು. ಜೈನರ ಮನೆ, ಬಂಟರ ಮನೆ, ಬ್ಯಾರಿಗಳ ಮನೆ ಎಂದೆಲ್ಲ ಅವಳಿಗೆ ಭೇದವಿಲ್ಲ. ಒಂದು ಶರತ್ತು ಮಾತ್ರ ಉಂಟು: ನೀರು ಹದ ಮಾಡುವುದಕ್ಕೆ ಬೇರೆ ಯಾರೂ ಕೈ ಹಾಕಬಾರದು.

ಆ ಹದ ಮಾಡುವ ಕ್ರಮವನ್ನು ನಾನು ದಿನವೂ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದೆ. ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿ, ಮಗುವನ್ನು ತಲೆ ಪಾದದ ಕಡೆಗೆ ಬರುವಂತೆ ಅಂಗಾತ ಮಲಗಿಸುತ್ತಾಳೆ. ಬಲಗಡೆ ಬಿಸಿನೀರಿನ ಹಂಡೆ, ಅದರ ಪಕ್ಕ ಅಗಲ ಬಾಯಿಯ ಬೋಗುಣಿ. ಎಡಗಡೆ ತಣ್ಣೀರಿನ ಬಾಲ್ದಿ. ಮೊದಲು ಬಲಗಡೆಯಿಂದ ಬಿಸಿ ತೋಡಿ ಬೋಗುಣಿಗೆ, ಆಮೇಲೆ ಎಡಗಡೆಯಿಂದ ತಣ್ಣೀರು. ಕೊನೆಗೆ ಮಗುವಿನ ಮೇಲಿಂದ ಬಗ್ಗಿ ಎಡಗೈಯ ಮೊಣಕೈಯನ್ನು ಬೋಗುಣಿಗೆ ಅದ್ದುತ್ತಾಳೆ.

"ಬಲಗೈಯಲ್ಲೇ ನೋಡಬಹುದಲ್ಲ?" ಎಂದು ಒಮ್ಮೆ ಕೇಳಿದ್ದೆ.

"ಬಲಗೈ ಸುಳ್ಳು ಹೇಳ್ತದೆ. ಕೆಲಸ ಮಾಡಿ ಮಾಡಿ ಅದರ ಚರ್ಮ ದಪ್ಪ ಆಗಿದೆ. ಎಡದ್ದು ಸೋಮಾರಿ ನೋಡಿ, ಅದು ಸತ್ಯ ಹೇಳ್ತದೆ."

ಅಷ್ಟಾದರೂ ನನಗೆ ಸಮಾಧಾನವಿರಲಿಲ್ಲ. ನಾನು ಹೇಳಹೊರಟಿರುವ ಬೆಳಿಗ್ಗೆಯ ಹಿಂದಿನ ದಿನವೇ, "ನೀರು ತುಂಬ ಬಿಸಿ ಅನ್ನಿಸುತ್ತೆ, ಇನ್ನೊಂದು ಚೆಂಬು ತಣ್ಣೀರು ಹಾಕಿ," ಎಂದಿದ್ದೆ. ನೀಲಾವತಿ ಏನೂ ಹೇಳದೆ ಹಾಕಿದ್ದಳು. ಅತ್ತೆ ಕಮಲಾವತಿ ಮಾತ್ರ ಒಳಗೆ ಕರೆದು, "ಮೈಸೂರಲ್ಲಿ ನಿಮಗೆ ಎಂತ ಕಲಿಸ್ತಾರೋ ನನಗೆ ಗೊತ್ತಿಲ್ಲ. ಅವಳ ನೀರಿಗೆ ಮಾತಾಡ್ಬೇಡ ಮಾರಾಯ್ತಿ," ಎಂದಿದ್ದರು.

ಆ ಬೆಳಿಗ್ಗೆ ಅವಳು ಎಂದಿನಂತೆಯೇ ಬಂದಳು. ಚಾಪೆಯ ಮೇಲೆ ನನ್ನ ಮಗಳು ತ್ರಿಶಾಳಿಗೆ ತೆಂಗಿನೆಣ್ಣೆ ಹಚ್ಚಿದಳು. ಒಂದು ಕಾಲು, ಇನ್ನೊಂದು ಕಾಲು, ಎರಡೂ ಅಂಗೈ, ಎರಡೂ ಕಿವಿಯ ಹಿಂದೆ. ಮಗು ಕೇಕೆ ಹಾಕುತ್ತಿತ್ತು. ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟು ಒಲೆಗೆ ಸೌದೆ ದೂಡಲು ಬಚ್ಚಲ ಹಿಂದಕ್ಕೆ ಹೋದಳು. ಬರುವಾಗ ಒಂದು ಕ್ಷಣ ಗೋಡೆ ಹಿಡಿದು ನಿಂತಳು.

"ಏನಾಯ್ತು?"

"ಎಂತ ಇಲ್ಲ. ಹೊಗೆ."

ಮಣೆಯ ಮೇಲೆ ಕೂತಳು, ಮಗುವನ್ನು ಮಲಗಿಸಿಕೊಂಡಳು. ಅತ್ತೆ ಚಾ ತಂದು, ಅವಳ ಎಡಗಡೆ ಬಾಲ್ದಿಯ ಪಕ್ಕದ ಕಟ್ಟೆಯ ಮೇಲೆ ಇಟ್ಟು ಹೋದರು. ಚಾ ಇಡುವ ಜಾಗ ಯಾವತ್ತೂ ಅದೇ. ನೀಲಾವತಿ ಹೆಸರುಹಿಟ್ಟು ಕಲಸಿ ಮಗುವಿಗೆ ತಿಕ್ಕತೊಡಗಿದಳು. ಎಡಗೆನ್ನೆ, ಎಡಗೈ, ಎಡಗಾಲು. ಮತ್ತೆ ಎಡಗೈ. ಇನ್ನೊಂದು ಬದಿಗೆ ಬರಲೇ ಇಲ್ಲ. ಮಗುವಿನ ಬಲಗಡೆ, ಎಂದರೆ ನೀಲಾವತಿಯ ಎಡಗಡೆಗೆ ಬರುವ ಅರ್ಧ ಮೈ, ಎಣ್ಣೆ ಮಿಂಚುತ್ತ ಹಾಗೆಯೇ ಇತ್ತು.

"ಅತ್ತ ಕಡೆ ಹಚ್ಚಿಲ್ಲ ನೀಲಾವತಿ," ಎಂದೆ.

"ಎಲ್ಲ ಹಚ್ಚಿ ಆಯ್ತು."

ನಿನ್ನೆಯ ಮಾತಿಗೆ ಕೋಪವೇ? ಕೋಪ ಬಂದರೆ ಮಗುವಿಗೆ ಅರ್ಧ ಹಿಟ್ಟು ಹಚ್ಚುವವಳಲ್ಲ ಅವಳು. ಒಳಗಿನಿಂದ ಅತ್ತೆಯ ಪಾತ್ರೆಯ ಸದ್ದು ಕೇಳಿಸಿತು. ನೀಲಾವತಿ ಗಟ್ಟಿಯಾಗಿ ಕೂಗಿ ಹೇಳಿದಳು: "ಅಮ್ಮಾ, ಇವತ್ತು ನನಗೆ ಚಾ ಇಲ್ವಾ?"

"ಪಕ್ಕದಲ್ಲೇ ಇಟ್ಟಿದ್ದೇನಲ್ಲ! ಕಣ್ಣು ಎಲ್ಲಿ ಉಂಟು ನಿನಗೆ?"

ನೀಲಾವತಿ ನಕ್ಕಳು. ಬಲಗಡೆ ನೋಡಿದಳು. ಎಡಗಡೆ ತಿರುಗಲಿಲ್ಲ. ಹಂಡೆಯಿಂದ ಬಿಸಿ ತೋಡಿದಳು, ಬೋಗುಣಿಗೆ ಹೊಯ್ದಳು. ಇನ್ನೊಂದು ಚೆಂಬು, ಇನ್ನೊಂದು. ಆವಿ ಅವಳ ಮುಖಕ್ಕೆ ಬರುತ್ತಿತ್ತು. ಈಗ ತಣ್ಣೀರಿಗೆ ಕೈ ಹೋಗಬೇಕು ಎಂದು ನಾನು ಕಾದೆ. ಹೋಗಲಿಲ್ಲ. ಅವಳು ಬಗ್ಗಿ ಎಡ ಮೊಣಕೈಯನ್ನು ಆ ನೀರಿಗೆ ಅದ್ದಿದಳು.

ತೆಗೆಯಲೇ ಇಲ್ಲ.

"ಹದ ಉಂಟು," ಎಂದಳು, ಚೆಂಬನ್ನು ತುಂಬಿ ಎತ್ತಿದಳು.

ನಾನು ಹೇಗೆ ಹಾರಿದೆನೋ ನೆನಪಿಲ್ಲ. ಎಣ್ಣೆಯ ಮಗು, ಹಿಡಿದರೆ ಹಿಡಿತಕ್ಕೆ ಸಿಗುವುದಿಲ್ಲ. ಕಂಕುಳಲ್ಲಿ ಕೈ ಹಾಕಿ ಕಿತ್ತುಕೊಂಡೆ. ಚೆಂಬಿನ ನೀರು ಮಗುವಿದ್ದ ಜಾಗಕ್ಕೇ ಬಿತ್ತು, ಅವಳ ಎಡಗಾಲಿನ ಮೇಲೆ. ನಾನು ಕಿರುಚಿದೆ. ಮಗು ಕಿರುಚಿತು. ನೀಲಾವತಿ ಕಿರುಚಲಿಲ್ಲ. ಕಾಲು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ.

ಅತ್ತೆ ಓಡಿಬಂದರು. "ಎಂತದು ಅನಿಷಾ ಇದು! ಮಗುವನ್ನು ಹೀಗೆ ಎಳೀತಾರಾ? ಕೈ ಉಳುಕಿದ್ರೆ?"

"ಅತ್ತೆ, ನೀರು ಮುಟ್ಟಿ ನೋಡಿ! ತಣ್ಣೀರು ಹಾಕಿಯೇ ಇಲ್ಲ!"

ನೀಲಾವತಿಯ ಮುಖ ಕೆಂಪಾಗಿತ್ತು, ಅದು ನೋವಿನಿಂದಲ್ಲ. "ಇಷ್ಟು ಮಕ್ಕಳಲ್ಲಿ ಒಂದು ಮಗುವಿಗೆ ಒಂದು ಗೆರೆ ಆಗ್ಲಿಲ್ಲ ನನ್ನ ಕೈಯಿಂದ. ನಿಮಗೆ ನಂಬಿಕೆ ಇಲ್ಲದಿದ್ರೆ ಹೇಳಿಬಿಡಿ ಅನಿಷಕ್ಕ. ನಾನು ಬರುವುದಿಲ್ಲ. ಮೈಮೂನಮ್ಮನ ಮನೆಯಲ್ಲಿ ಮೊಮ್ಮಗು ಕಾಯ್ತಾ ಉಂಟು, ನಾನು ಅಲ್ಲಿಗೆ ಹೋಗ್ತೇನೆ."

ಇನ್ನೊಂದು ಮಗು. ಇನ್ನೊಂದು ಹಂಡೆ. ಅಲ್ಲಿ ಬಾಗಿಲಲ್ಲಿ ನಿಂತು ನೋಡುವವರು ಯಾರೂ ಇರಲಿಕ್ಕಿಲ್ಲ. ನೀಲಾವತಿ ಬಂದರೆ ಎಲ್ಲರೂ ನಿಶ್ಚಿಂತೆಯಿಂದ ಒಳಗೆ ಹೋಗುತ್ತಾರೆ.

ಅತ್ತೆ ಬೋಗುಣಿಗೆ ಬೆರಳು ಅದ್ದಿ ಸಟ್ಟನೆ ತೆಗೆದರು. ನೀಲಾವತಿಯ ಮೊಣಕೈ ನೋಡಿದರು, ಕಾಲು ನೋಡಿದರು. ಚರ್ಮ ಕೆಂಪಗೆ ಏಳುತ್ತಿತ್ತು.

"ಉರಿಯೂದಿಲ್ವಾ ನಿನಗೆ?"

"ಎಂತ ಉರಿಯೂದು?"

ನಾನು ಮಗುವನ್ನು ಟವೆಲಿನಲ್ಲಿ ಸುತ್ತಿ ಅತ್ತೆಯ ಕೈಗೆ ಕೊಟ್ಟೆ. ಪಕ್ಷವಾತದ ಲಕ್ಷಣ ನೋಡುವುದು ಹೇಗೆಂದು ಫೋನಿನಲ್ಲಿ ಬಂದ ವಿಡಿಯೋವನ್ನು ನಾನು ಮಾವನಿಗಾಗಿ, ಅಪ್ಪನಿಗಾಗಿ, ನನಗಾಗಿಯೂ ಎಷ್ಟೋ ಸಲ ನೋಡಿದ್ದೆ. "ನೀಲಾವತಿ, ಒಮ್ಮೆ ನಗಿ," ಎಂದೆ.

"ಈಗ ನಗುವ ಹಾಗೆ ಎಂತ ಉಂಟು?" ಎನ್ನುತ್ತಲೇ ನಕ್ಕಳು. ಬಾಯಿ ಸೊಟ್ಟಗಾಗಲಿಲ್ಲ. ಎರಡೂ ಕೈ ಎತ್ತಿ ಎಂದೆ. ಎತ್ತಿದಳು, ಎರಡೂ ಸಮವಾಗಿಯೇ ನಿಂತವು. ಮಾತಂತೂ ಕೇಳುವುದೇ ಬೇಡ.

"ನೋಡು," ಎಂದರು ಅತ್ತೆ, ಆದರೆ ದನಿಯಲ್ಲಿ ಮೊದಲಿನ ಬಿಗಿಯಿರಲಿಲ್ಲ. "ಪಕ್ಷವಾತ ಆದ್ರೆ ಬಾಯಿ ಸೊಟ್ಟ ಆಗ್ತದೆ. ಇವಳ ಬಾಯಿ ನಿನ್ನದಕ್ಕಿಂತ ನೆಟ್ಟಗೆ ಉಂಟು."

ವಿಡಿಯೋದ ಪರೀಕ್ಷೆಗಳೆಲ್ಲ ಅಲ್ಲಿಗೆ ಮುಗಿದವು. ಎಲ್ಲದರಲ್ಲೂ ಅವಳು ಪಾಸು. ನಾನು ಸುಮ್ಮನಿದ್ದರೆ ಅವಳು ಸೆರಗು ಕೊಡವಿ ಎದ್ದು ಹೋಗುತ್ತಾಳೆ. ಆಗ ಕಟ್ಟೆಯ ಮೇಲಿನ ಚಾ ಕಣ್ಣಿಗೆ ಬಿತ್ತು. ಕೆನೆ ಕಟ್ಟಿತ್ತು. ಅದನ್ನು ಎತ್ತಿ, ಅವಳ ಬೆನ್ನ ಹಿಂದಿನಿಂದ ತಂದು, ಬಲಗಡೆ ಇಟ್ಟೆ.

"ಆಹಾ, ಈಗ ಬಂತು ನೋಡಿ ಚಾ," ಎಂದಳು ನೀಲಾವತಿ.

ಅತ್ತೆ ಖಾಲಿಯಾದ ಕಟ್ಟೆಯನ್ನು ನೋಡಿದರು, ಬಲಗಡೆಯ ಚಾವನ್ನು ನೋಡಿದರು. ನಾನು ಏನೂ ಹೇಳಬೇಕಾಗಲಿಲ್ಲ. "ಹಸನಬ್ಬನಿಗೆ ಫೋನ್ ಮಾಡು," ಎಂದರು ಮೆಲ್ಲಗೆ. ಹಸನಬ್ಬ ನಮ್ಮ ಬಸ್‌ಸ್ಟಾಂಡಿನ ಆಟೋದವನು.

ಆದರೆ ಆಸ್ಪತ್ರೆಗೆ ಹೋಗುವ ಎಂದರೆ ಅವಳು ಒಪ್ಪಬೇಕಲ್ಲ. ಏನೂ ಆಗಿಲ್ಲದವಳು ಯಾಕೆ ಒಪ್ಪುತ್ತಾಳೆ? ಸುಳ್ಳು ಹೇಳಿ ಗೊತ್ತಿಲ್ಲದ ನನ್ನ ಅತ್ತೆ ಅಂದು ಸರಾಗವಾಗಿ ಹೇಳಿದರು: "ನೀಲಾವತಿ, ಇವಳಿಗೆ ಬೆಳಗ್ಗಿನಿಂದ ತಲೆ ತಿರುಗ್ತಾ ಉಂಟಂತೆ. ಅಭಿ ಬೆಳ್ತಂಗಡಿಗೆ ಹೋಗಿದ್ದಾನೆ. ಮೂಡುಬಿದಿರೆಗೆ ಒಬ್ಬಳನ್ನೇ ಕಳಿಸುವುದು ಹೇಗೆ? ನೀನು ಜೊತೆಗೆ ಹೋಗು. ಮೈಮೂನಮ್ಮನಿಗೆ ನಾನು ಹೇಳ್ತೇನೆ."

ನೀಲಾವತಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಅದಕ್ಕೆ ಹೀಗೆ ಮಾಡಿದ್ದಾ! ಮುಖ ನೋಡಿದ್ರೇ ಗೊತ್ತಾಗ್ತದೆ. ನಡೀರಿ."

ಹೊರಗೆ ಬರುವಾಗ ಅವಳ ಎಡ ಭುಜ ಬಾಗಿಲ ದಾರಂದಕ್ಕೆ ಬಡಿಯಿತು. ಅವಳು ತಿರುಗಿ ನೋಡಲಿಲ್ಲ.

ಹುಟ್ಟಿದಂದಿನಿಂದ ತ್ರಿಶಾಳನ್ನು ಬಿಟ್ಟು ನಾನು ಗೇಟಿನಾಚೆ ಹೋದದ್ದಿಲ್ಲ. ಹಸಿದರೆ? ಅಳು ನಿಲ್ಲಿಸದಿದ್ದರೆ? ಅತ್ತೆ, "ನಾನು ಅಭಿಯನ್ನು ಸಾಕಿದವಳೇ ಅಲ್ವಾ, ಹೋಗು," ಎಂದರು. ಆಟೋ ಹೊರಟಾಗ ಮಗುವಿನ ಅಳು ಕೇಳಿಸಿತೋ, ಕೇಳಿಸಿದಂತೆ ಆಯಿತೋ.

"ಹಸನಬ್ಬ, ಸ್ವಲ್ಪ ಬೇಗ," ಎಂದೆ.

"ಮೆಲ್ಲ ಹೋಗು ಮಾರಾಯ," ಎಂದಳು ನೀಲಾವತಿ. "ಇವರಿಗೆ ತಲೆ ತಿರುಗ್ತಾ ಉಂಟು." ಬಲಗೈಯಿಂದ ನನ್ನ ತೊಡೆ ತಟ್ಟಿದಳು. "ಹೆದರ್ಬೇಡಿ. ಬಾಣಂತಿಗೆ ಹೀಗೆ ಆಗ್ತದೆ. ಸರಿ ಊಟ ಮಾಡೂದಿಲ್ಲ ನೀವು." ಅವಳ ಎಡಗೈ ಆಟೋದ ಅಂಚಿನಲ್ಲಿ, ಹೊರಗೆ ಜೋಲುತ್ತಿತ್ತು. ಎದುರಿನ ಬಸ್ಸಿಗೆ ದಾರಿ ಬಿಡಲು ಆಟೋ ಬದಿಯ ಕಂಬದತ್ತ ಸರಿದಾಗ ನಾನೇ ಅದನ್ನು ಹಿಡಿದು ಒಳಗೆ ಎಳೆದುಕೊಂಡೆ. ಯಾರದೋ ಕೈ ಎಳೆದೆ ಎಂಬಂತೆ ಅವಳು ಮಾತು ಮುಂದುವರಿಸಿದಳು.

ಹಸನಬ್ಬ ಕನ್ನಡಿಯಲ್ಲಿ ಅದನ್ನು ನೋಡಿದ. ಆಮೇಲೆ ಅವನು ಮೆಲ್ಲಗೆ ಹೋಗಲಿಲ್ಲ.

ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಮೊದಲು ನಮ್ಮನ್ನು ಬೆಂಚಿನಲ್ಲಿ ಕೂರಿಸಿದರು. ನರ್ಸ್ ಬಂದು ಯಾರಿಗೆ ಎಂದು ಕೇಳಿದಾಗ ನೀಲಾವತಿ ನನ್ನತ್ತ ಕೈ ಮಾಡಿ ತೋರಿಸಿದಳು. ನಾನು ಅವಳತ್ತ ತೋರಿಸಿದೆ. ನರ್ಸ್ ನಮ್ಮಿಬ್ಬರನ್ನೂ ನೋಡಿ ನನ್ನ ಕೈಗೇ ಬಿಪಿ ಪಟ್ಟಿ ಕಟ್ಟಲು ಬಂದಳು. ಬೆವರಿದ ಮುಖ, ನಡುಗುವ ಕೈ, ಎಣ್ಣೆ ಮೆತ್ತಿದ ಚೂಡಿದಾರ. ಅವಳ ತಪ್ಪೇನಿಲ್ಲ. ನಾನು ಪಟ್ಟಿಯನ್ನು ಕಿತ್ತು, "ಡಾಕ್ಟರನ್ನು ಕರೀರಿ!" ಎಂದು ಕೂಗಿಬಿಟ್ಟೆ.

ಡಾಕ್ಟರ್ ಸಾಲಿಹಾ ನನ್ನ ವಯಸ್ಸಿನವರೇ. ನನ್ನ ಮಾತನ್ನು ಮಧ್ಯ ತಡೆಯದೆ ಕೇಳಿದರು. ನೀಲಾವತಿಯ ಬಿಪಿ ನೋಡಿ ಹುಬ್ಬು ಏರಿಸಿದರು. ಆಮೇಲೆ ಟೇಬಲಿನಿಂದ ಒಂದು ಬ್ಯಾಂಡೇಜಿನ ಪಟ್ಟಿ ಬಿಚ್ಚಿ, ಎರಡೂ ಕೈಯಲ್ಲಿ ಅವಳ ಮುಖದೆದುರು ಅಡ್ಡವಾಗಿ ಹಿಡಿದರು.

"ನೀಲಾವತಿಯಕ್ಕ, ಇದರ ಸರಿ ಮಧ್ಯಕ್ಕೆ ಹಿಡೀರಿ."

ನೀಲಾವತಿ ಕೈ ಚಾಚಿ ಬಲತುದಿಯ ಹತ್ತಿರ, ಹೆಚ್ಚು ಕಡಿಮೆ ಡಾಕ್ಟರರ ಬೆರಳಿಗೇ ತಾಗುವಂತೆ ಹಿಡಿದಳು. "ಇದೇ ಮಧ್ಯ," ಎಂದಳು ಖಂಡಿತವಾಗಿ.

ಡಾಕ್ಟರ್ ನನ್ನ ಕಡೆ ನೋಡಿದರು. ಆ ನೋಟದಲ್ಲಿ ನಾನು ಇಷ್ಟು ಹೊತ್ತು ಹುಡುಕುತ್ತಿದ್ದ ನಂಬಿಕೆ ಇತ್ತು. ಆದರೆ ಅದು ಸಿಕ್ಕಿದ್ದೇ ಹೆದರಿಕೆ ಇಮ್ಮಡಿಯಾಯಿತು.

"ಕೊನೆಗೆ ಸರಿ ಇದ್ದದ್ದು ಯಾವಾಗ? ಇದು ಮುಖ್ಯ. ಬೆಳಗ್ಗೆ ಏಳುವಾಗಲೇ ಹೀಗಿದ್ರೆ ಹೊತ್ತು ಮೀರಿರ್ತದೆ, ನಾನು ಇಂಜೆಕ್ಷನ್ ಕೊಡುವ ಹಾಗಿಲ್ಲ."

"ಎಣ್ಣೆ ಹಚ್ಚುವಾಗ ಸರಿ ಇದ್ದಳು. ಎರಡೂ ಕಾಲಿಗೆ ಹಚ್ಚಿದ್ದಾಳೆ, ಎರಡೂ ಕಿವಿಗೆ. ಒಲೆಗೆ ಸೌದೆ ಹಾಕಿ ಬಂದ ಮೇಲೆ ಹೀಗೆ."

"ನೀವು ನೋಡಿದ್ದೀರಾ? ಅಂದಾಜಿಗೆ ಹೇಳ್ತಾ ಇಲ್ಲ ತಾನೇ?"

"ನಾನು ದಿನವೂ ನೋಡ್ತೀನಿ ಡಾಕ್ಟರ್. ಕಣ್ಣು ಮಿಟುಕಿಸೋದಿಲ್ಲ," ಎಂದೆ. ಹೇಳುವಾಗ ನಾಚಿಕೆಯಾಯಿತು. ಡಾಕ್ಟರ್ ನಗಲಿಲ್ಲ. ಗಡಿಯಾರ ನೋಡಿ, "ಸಮಯ ಉಂಟು. ಹೆಚ್ಚಿಲ್ಲ," ಎಂದರು.

ತಲೆಯ ಸ್ಕ್ಯಾನ್ ಆಯಿತು. ರಕ್ತ ಸೋರಿದ್ದು ಕಾಣುವುದಿಲ್ಲ, ನಾಳ ಕಟ್ಟಿಕೊಂಡು ಆದ ಪಕ್ಷವಾತವೇ ಇರಬೇಕು ಎಂದರು. ವಿಸ್ಮಿತಾ ಮೂಡುಬಿದಿರೆಯಲ್ಲೇ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವುದು. ಫೋನ್ ಮಾಡಿದ್ದಕ್ಕೆ ಅಂಗಡಿಯ ಸಮವಸ್ತ್ರದಲ್ಲೇ ಓಡಿಬಂದಳು. ಕಾರಿಡಾರಿನಲ್ಲಿ ಡಾಕ್ಟರ್ ಅವಳಿಗೆ ಹೇಳಿದರು: ಕಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಉಂಟು. ಬೇಗ ಕೊಟ್ಟಷ್ಟು ಒಳ್ಳೆಯದು. ಆದರೆ ಕೆಲವರಿಗೆ ಅದರಿಂದಲೇ ಮಿದುಳಿನೊಳಗೆ ರಕ್ತಸ್ರಾವ ಆಗುವುದುಂಟು, ಜೀವಕ್ಕೆ ಅಪಾಯ ಆಗುವುದೂ ಉಂಟು.

ವಿಸ್ಮಿತಾ ಬಾಗಿಲ ಸಂದಿಯಿಂದ ಒಳಗೆ ನೋಡಿದಳು. ಮಂಚದ ಮೇಲೆ ಕೂತ ಅವಳ ತಾಯಿ, ನರ್ಸಿಗೆ ಎಷ್ಟು ತಿಂಗಳು ಎಂದು ಕೇಳುತ್ತಿದ್ದಳು. ನರ್ಸ್ ಬಸುರಿ ಎಂದು ಅವಳಿಗೆ ಆಗಲೇ ಗೊತ್ತಾಗಿಬಿಟ್ಟಿತ್ತು.

"ಅಮ್ಮ ಸರಿಯೇ ಮಾತಾಡ್ತಾ ಇದ್ದಾರಲ್ಲ," ಎಂದಳು ವಿಸ್ಮಿತಾ. "ಕೈಕಾಲು ಆಡ್ತಾ ಉಂಟು. ಮತ್ತೆ ಅಪಾಯದ ಇಂಜೆಕ್ಷನ್ ಯಾಕೆ ಡಾಕ್ಟ್ರೇ? ಇದ್ದದ್ದೂ ಹೋದ್ರೆ? ನನಗೆ ಅಮ್ಮ ಒಬ್ಬರೇ ಇರುವುದು." ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಸಿಟ್ಟಿತ್ತು. "ನೀವು ಸಣ್ಣದಕ್ಕೆಲ್ಲ ಹೆದರ್ತೀರಿ ಅಂತ ಅಮ್ಮ ಮನೆಯಲ್ಲಿ ಹೇಳ್ತಿರ್ತಾರೆ."

ಅವಳು ಹೇಳಿದ್ದು ನಿಜವೇ. ಇಂಜೆಕ್ಷನ್ ಕೊಡಿಸಿ ಏನಾದರೂ ಆದರೆ? ನನ್ನ ಹೆದರಿಕೆಯ ದೆಸೆಯಿಂದ ಒಂದು ಜೀವ ಹೋದರೆ?

ಡಾಕ್ಟರ್ ಸಾಲಿಹಾ ತಮ್ಮ ಬಲ ಅಂಗೈಯನ್ನು ತಮ್ಮ ತಲೆಯ ಬಲಬದಿಗೆ ಇಟ್ಟುಕೊಂಡರು. "ನೋಡು ತಂಗಿ. ಮಿದುಳಿನ ಮೇಲಿನ ಪದರದಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಜಾಗ ಉಂಟು. ಮಾತಿನದ್ದು ಹೆಚ್ಚಿನವರಿಗೆ ಎಡಗಡೆ. ಅಮ್ಮನಿಗೆ ಅಲ್ಲಿ ಎಂತ ಆಗ್ಲಿಲ್ಲ, ಅದಕ್ಕೇ ಮಾತು ಸರಿ ಉಂಟು. ತೊಂದರೆ ಆದದ್ದು ಬಲಗಡೆ. ಇಲ್ಲಿ, ಕಿವಿಯಿಂದ ನೆತ್ತಿಗೆ ಹೋಗುವ ಹಾಗೆ ಒಂದು ಪಟ್ಟಿ, ಎಡಗೈ ಎಡಗಾಲನ್ನು ಆಡಿಸುವುದು. ಅದು ಉಳಿದಿದೆ. ಅದರ ಹಿಂದಿನ ಪಟ್ಟಿ, ಎಡಗಡೆಯ ಬಿಸಿ, ತಣ್ಣಗೆ, ಮುಟ್ಟಿದ್ದು ಎಲ್ಲ ಗೊತ್ತಾಗುವುದು. ಅಲ್ಲಿಗೆ ರಕ್ತ ಹೋಗ್ತಾ ಇಲ್ಲ. ಇನ್ನೂ ಹಿಂದೆ ಇದು," ಅವರ ಬೆರಳು ಕಿವಿಯ ಮೇಲ್ಭಾಗಕ್ಕೆ ಸರಿಯಿತು, "ಎಡಗಡೆಗೆ ಗಮನ ಕೊಡುವ ಜಾಗ. ಅದು ನಿಂತ್ರೆ, ಕಣ್ಣು ಸರಿ ಇದ್ರೂ ಎಡಗಡೆ ಅಂತ ಒಂದು ಉಂಟು ಎಂಬುದೇ ಮನುಷ್ಯನಿಗೆ ಹೊಳೆಯುವುದಿಲ್ಲ. ಹೊಳೆಯುವುದಿಲ್ಲ ಅಂತಲೂ ಗೊತ್ತಾಗುವುದಿಲ್ಲ."

ಪಿಯುಸಿಯಲ್ಲಿ ನಾನು ಅದೇ ಮಿದುಳಿನ ಚಿತ್ರಕ್ಕೆ ಬಣ್ಣ ಹಚ್ಚಿದ್ದೆ. ಚಲನೆಗೆ ಕೆಂಪು, ಸ್ಪರ್ಶಕ್ಕೆ ನೀಲಿ, ಮಾತಿಗೆ ಹಸಿರು, ಹಿಂಬದಿ ನೋಟಕ್ಕೆ ಹಳದಿ. ಮೇಷ್ಟ್ರು 'ಉತ್ತಮ' ಎಂದು ಬರೆದಿದ್ದರು. ಆ ನೀಲಿಯ ಹಿಂದೆ ಒಂದು ದೊಡ್ಡ ಜಾಗ ಉಳಿದಿತ್ತು, ಅದಕ್ಕೆ ಏನು ಬರೆಯಬೇಕೆಂದು ಗೊತ್ತಾಗದೆ ಬೂದು ಬಳಿದು ಬಿಟ್ಟಿದ್ದೆ.

ವಿಸ್ಮಿತಾ ತಲೆ ಅಲ್ಲಾಡಿಸಿದಳು. ನಂಬಿಕೆ ಬಂದಿರಲಿಲ್ಲ. "ನಾನು ಅಮ್ಮನ ಹತ್ತಿರ ಮಾತಾಡ್ತೇನೆ," ಎಂದು ಒಳಗೆ ಹೋದಳು. ನಾವೂ ಹಿಂದೆ ಹೋದೆವು. ಮಂಚದ ಬಲಕ್ಕೆ ನರ್ಸ್ ನಿಂತಿದ್ದಳು, ಜಾಗವಿದ್ದದ್ದು ಎಡಕ್ಕೆ. ವಿಸ್ಮಿತಾ ಅಲ್ಲಿ ನಿಂತು ತಾಯಿಯ ಭುಜದ ಮೇಲೆ ಕೈ ಇಟ್ಟಳು.

ನೀಲಾವತಿ ನನ್ನನ್ನು ನೋಡಿ ನಕ್ಕಳು. "ನಿಮ್ಮ ತಲೆ ಸರಿ ಆಯ್ತಾ? ಮನೆಗೆ ಹೋಗುವ ಹಾಗಾದ್ರೆ. ವಿಸ್ಮಿತಾಳಿಗೆ ಫೋನ್ ಮಾಡಿದ್ದೀರಿ ಅಂದ್ರು. ಅವಳು ಇನ್ನೂ ಬರ್ಲಿಲ್ವಾ?"

ವಿಸ್ಮಿತಾ ಭುಜವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

"ಅಮ್ಮಾ," ಎಂದಳು ವಿಸ್ಮಿತಾ.

ದನಿ ಕೇಳಿ ನೀಲಾವತಿ ಬಲಗಡೆಗೆ, ಬಾಗಿಲ ಕಡೆಗೆ ತಿರುಗಿ ಹುಡುಕಿದಳು. "ಎಲ್ಲಿದ್ದೀ ಮಗಾ? ಒಳಗೆ ಬಾ." ಮಗಳ ಬೆರಳುಗಳು ಅವಳ ಎಡ ಭುಜವನ್ನು ಅದುಮುತ್ತಿದ್ದವು. ಅವಳು ಬಾಗಿಲನ್ನೇ ನೋಡುತ್ತಿದ್ದಳು.

ವಿಸ್ಮಿತಾ ಕೈ ತೆಗೆಯಲಿಲ್ಲ. ಡಾಕ್ಟರರ ಕಡೆ ನೋಡಿದಳು.

"ಕೊಡಿ ಡಾಕ್ಟ್ರೇ," ಎಂದಳು.

ಆಮೇಲಿನ ಹೊತ್ತನ್ನು ಹೇಗೆ ಕಳೆದೆನೋ. ಔಷಧಿ ಕೊಟ್ಟು, ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳಿಸಿದರು. ಜೊತೆಗೆ ಹೋದದ್ದು ವಿಸ್ಮಿತಾ. ನಾನು ಹಸನಬ್ಬನ ಆಟೋದಲ್ಲಿ ವೇಣೂರಿಗೆ ಮರಳಿದೆ. ಎದೆ ಹಾಲಿನಿಂದ ಕಟ್ಟಿ ನೋಯುತ್ತಿತ್ತು. ಫೋನ್ ಪ್ರತಿ ಸಲ ಸದ್ದು ಮಾಡಿದಾಗಲೂ ರಕ್ತಸ್ರಾವದ ಸುದ್ದಿಯೇ ಇರಬೇಕು ಎನ್ನಿಸುತ್ತಿತ್ತು. ಅದು ಬರಲಿಲ್ಲ. ಸಂಜೆ ಬಂದದ್ದು ವಿಸ್ಮಿತಾಳ ಕರೆ: "ಅನಿಷಕ್ಕ, ಅಮ್ಮ ನನ್ನನ್ನು ನೋಡಿದ್ರು. ಸ್ವಲ್ಪ ಹೊತ್ತು ಹಿಡೀತು, ಆದ್ರೆ ತಿರುಗಿ ನೋಡಿದ್ರು. ಕಾಲು ಉರಿಯುತ್ತದೆ ಅಂತ ಈಗ ಬೈತಾ ಇದ್ದಾರೆ."

ಉರಿಯುತ್ತದೆ ಎಂಬ ಮಾತು ಕೇಳಿ ಅಷ್ಟು ಸಂತೋಷಪಟ್ಟವರು ಯಾರೂ ಇರಲಿಕ್ಕಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಎಲ್ಲವೂ ಮರಳಿ ಬರಲಿಲ್ಲ. ಮಂಗಳೂರಿನಲ್ಲಿ ತೆಗೆದ ಇನ್ನೊಂದು ಸ್ಕ್ಯಾನಿನಲ್ಲಿ ಬಲಗಡೆ ಗೋಡಂಬಿಯಷ್ಟು ಬಿಳಿ ಕಲೆ ಉಳಿದಿತ್ತಂತೆ. ಮಾತ್ರೆ ತಪ್ಪಿಸಬಾರದು, ತಟ್ಟೆಯನ್ನು ತಿರುಗಿಸಿ ತಿರುಗಿಸಿ ಉಣ್ಣಬೇಕು, ರಸ್ತೆ ದಾಟುವಾಗ ಯಾರಾದರೂ ಎಡಗಡೆ ಇರಬೇಕು. ಅವಳ ಎಡ ಮಣಿಕಟ್ಟಿಗೆ ಕೆಂಪು ರಿಬ್ಬನ್ ಕಟ್ಟಿದ್ದರು. ಏನು ಕೆಲಸ ಮಾಡುವುದಿದ್ದರೂ ಮೊದಲು ಆ ಕೆಂಪು ಸಿಗುವವರೆಗೆ ಕಣ್ಣನ್ನು ಎಡಕ್ಕೆ ಒಯ್ಯಬೇಕು, ಅಲ್ಲಿಂದ ಶುರು ಮಾಡಬೇಕು ಎಂದು ವ್ಯಾಯಾಮ ಮಾಡಿಸುವವರು ಹೇಳಿದ್ದರು. ಬಾಣಂತಿ ಮನೆಗಳಿಂದ ಕರೆ ಬರುವುದು ನಿಂತಿತ್ತು. ಯಾರೂ ಬಾಯಿಬಿಟ್ಟು ಬೇಡ ಎನ್ನಲಿಲ್ಲ, "ಸುಧಾರಿಸಿಕೊಳ್ಳಿ" ಎಂದರು. ಮೈಮೂನಮ್ಮನ ಮೊಮ್ಮಗುವಿಗೆ ಬೇರೆ ಯಾರೋ ಬರುತ್ತಿದ್ದರು.

ತ್ರಿಶಾ ಮಗುಚಿಕೊಳ್ಳಲು ಕಲಿತ ಮೇಲೆ ಒಂದು ಬೆಳಿಗ್ಗೆ ನೀಲಾವತಿ ವಿಸ್ಮಿತಾಳ ಜೊತೆ ಬಂದಳು. ಸ್ವಲ್ಪ ಸೊರಗಿದ್ದಳು. ಎಣ್ಣೆಯ ಬಟ್ಟಲು ಹಿಡಿದಿದ್ದ ನನ್ನನ್ನು ನೋಡಿ, "ನೀವೇ ಮೀಯಿಸೂದಾ ಈಗ?" ಎಂದಳು.

"ಹೌದು."

"ತಲೆಗೆ ನೀರು ಹಾಕುವಾಗ ನೀವು ಕಣ್ಣು ಮುಚ್ಚಿಕೊಳ್ತೀರಿ, ಮಗು ಅಲ್ಲ. ನಿಮ್ಮ ಅತ್ತೆ ಹೇಳಿದ್ರು." ಮತ್ತೆ ಮೆಲ್ಲಗೆ ಕೇಳಿದಳು: "ಒಮ್ಮೆ ಕಾಲಿನ ಮೇಲೆ ಹಾಕ್ತೀರಾ?"

ಅತ್ತೆ ನನ್ನ ಮುಖ ನೋಡಿದರು. ವಿಸ್ಮಿತಾ ನೆಲ ನೋಡಿದಳು. ಬೇಡ ಎನ್ನಲು ನನ್ನ ಬಳಿ ಎಲ್ಲ ಕಾರಣಗಳೂ ಇದ್ದವು. ಆವಿ ಏಳುತ್ತಿದ್ದ ಆ ಬೋಗುಣಿ ಈಗಲೂ ನನ್ನ ಕನಸಿಗೆ ಬರುತ್ತದೆ. ಆದರೆ ಅವಳು ಕೇಳಿದ್ದು ಮಗುವನ್ನು ಮಾತ್ರ ಅಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ನೀರು ನಾನು ಹಾಕ್ತೀನಿ," ಎಂದೆ.

ಮಣೆಯ ಮೇಲೆ ಕೂತು ಕಾಲು ಚಾಚಿದಳು. ಎಡಗಾಲಿನಲ್ಲಿ ಸುಟ್ಟ ಕಲೆ ಕಂದಾಗಿ ಉಳಿದಿತ್ತು. ನಾನು ತ್ರಿಶಾಳನ್ನು ಮಲಗಿಸಿದೆ, ಕೈಯನ್ನು ಪೂರ್ತಿ ತೆಗೆಯಲಿಲ್ಲ. ಬಿಸಿ ತೋಡಿದೆ, ತಣ್ಣೀರು ಬೆರೆಸಿದೆ. ನೀಲಾವತಿ ರೂಢಿಯಂತೆ ಎಡ ಮೊಣಕೈ ಎತ್ತಿದಳು, ಅರ್ಧಕ್ಕೆ ನಿಂತಳು.

"ಇದೂ ಸುಳ್ಳು ಹೇಳೂದು ಕಲಿತಿತು," ಎಂದಳು. "ನಿಮ್ಮ ಮೊಣಕೈ ಹಾಕಿ ಹೇಳಿ."

ಹಾಕಿದೆ. "ಬಿಸಿ ಹೆಚ್ಚಿದೆ."

"ನಿಮಗೆ ಯಾವತ್ತು ಹೆಚ್ಚಿರ್ಲಿಲ್ಲ? ಹಾಕಿ ಇನ್ನೊಂದು ಚೆಂಬು ತಣ್ಣೀರು."

ಅವಳು ಹೆಸರುಹಿಟ್ಟು ತೆಗೆದುಕೊಂಡಳು. ಎಡಗಡೆ ಕೆಂಪು ರಿಬ್ಬನನ್ನು ಹುಡುಕಿದಳು, ಅಲ್ಲಿಂದ ಶುರು ಮಾಡಿದಳು. ಮಗುವಿನ ಬಲಗಾಲು, ಬಲಗೈ. ಆಮೇಲೆ ಈಚೆ ಬದಿಗೆ ಬಂದಳು. ಕೈಗೆ ಹಳೆಯ ಲಯ ಸಿಕ್ಕಿತು, ಮಗು ಕೇಕೆ ಹಾಕಿತು. ನಾನು ನೀರು ಹೊಯ್ದೆ. ಎಲ್ಲ ತೊಳೆದಾಯಿತು. ಮಗುವಿನ ಬಲಗಿವಿಯ ಹಿಂದೆ ಮಾತ್ರ ಒಂದಿಷ್ಟು ಹಿಟ್ಟು ಉಳಿದಿತ್ತು.

ನನಗೆ ಕಾಣುತ್ತಿತ್ತು. ವಿಸ್ಮಿತಾಳಿಗೂ ಕಂಡಿತ್ತು, ಅವಳು ಬಾಯಿ ತೆರೆದಳು. ನಾನು ತಲೆಯಾಡಿಸಿ ಬೇಡ ಎಂದೆ. ನಾನು, ಎಲ್ಲದಕ್ಕೂ ಮೊದಲು ಬಾಯಿ ಹಾಕುವವಳು, ತುಟಿ ಕಚ್ಚಿ ನಿಂತೆ.

ನೀಲಾವತಿ ಟವೆಲಿಗೆ ಕೈ ಚಾಚಿದಳು. ಏನೋ ಸಾಲದು ಎಂಬಂತೆ ತಡೆದಳು. ಕೈ ಹಿಂದಕ್ಕೆ ಬಂತು. ಕಣ್ಣು ಮೆಲ್ಲಗೆ, ಬಹಳ ಮೆಲ್ಲಗೆ, ಎಡಕ್ಕೆ ಸರಿಯಿತು. ಮಗುವಿನ ಮೂಗು ದಾಟಿತು, ಕೆನ್ನೆ ದಾಟಿತು, ಕೆಂಪು ರಿಬ್ಬನಿನವರೆಗೆ ಹೋಗಿ ಅಲ್ಲಿಂದ ಮರಳಿ ಬಂತು.

"ಅಯ್ಯೋ ಕಳ್ಳಿ," ಎಂದಳು ನೀಲಾವತಿ, ಬೆರಳಿನಿಂದ ಆ ಕಿವಿಯನ್ನು ಮಡಚಿ. "ಇಲ್ಲಿ ಅಡಗಿಸಿ ಇಟ್ಟಿದ್ದೀಯಾ? ನೀರು ಹಾಕಿ ಅನಿಷಕ್ಕ, ಎಂತ ನೋಡ್ತಾ ಇದ್ದೀರಿ?"